ಬಾವಿ ತೋಡಿದವರು, ಬಾವಿ ಕಾಯ್ದವರು



ಬೇಸಿಗೆ ಬಂತೆಂದರೆ ಬೋರ್‌ವೆಲ್ ಕೊರೆಸುವವರು, ಬೀದಿ ಬದಿಯಲ್ಲಿ ಅರವಟ್ಟಿಗೆ ಇಡುವವರು, ತೀರಿಹೋದ ತಂದೆ ತಾಯಿಯ ಹೆಸರಿನಲ್ಲಿ ಮಸೀದಿಗೆ ಕೂಲರ್ ಕೊಡುವವರು ನಮ್ಮ ಜಮಾಅತ್‌ಗಳಲ್ಲಿ ಕಡಿಮೆಯಿಲ್ಲ. ಅಲ್ಲಾಹನು ಅವರೆಲ್ಲರ ಸದಕಾವನ್ನು ಸ್ವೀಕರಿಸಲಿ. ಆದರೆ ನೀರಿನ ವಿಷಯದಲ್ಲಿ ದೀನ್ ನಮ್ಮ ಮೇಲೆ ಎರಡು ಹೊಣೆಗಳನ್ನು ಇಟ್ಟಿದೆ. ಒಂದು, ನೀರು ಕೊಡುವುದು. ಇನ್ನೊಂದು, ಆ ನೀರಿಗೆ ಹೊಲಸು ಸೇರದಂತೆ ಕಾಯುವುದು. ಮೊದಲನೆಯದರ ನೆನಪು ನಮಗಿದೆ. ಎರಡನೆಯದನ್ನು ಮರೆಯುತ್ತಾ ಬಂದಿದ್ದೇವೆ. ಈ ಮರೆವಿಗೆ ಜನರು ಯಾವ ಬೆಲೆ ತೆತ್ತಿದ್ದಾರೆ ಎಂಬುದನ್ನು ಇತಿಹಾಸದಿಂದಲೇ ತಿಳಿಯೋಣ.

ಮದೀನಾದ ಪಾಠ

ಮುಹಾಜಿರ್‌ಗಳು ಮದೀನಾಕ್ಕೆ ಬಂದಾಗ ಸಿಹಿನೀರಿನ ಕೊರತೆಯಿತ್ತು. ರೂಮಾ ಎಂಬ ಬಾವಿಯ ನೀರು ಚೆನ್ನಾಗಿತ್ತು, ಆದರೆ ಅದರ ಒಡೆಯ ನೀರನ್ನು ಹಣಕ್ಕೆ ಮಾರುತ್ತಿದ್ದ. ಆ ಬಾವಿಯನ್ನು ಕೊಂಡು, ತನ್ನ ಕೊಡವನ್ನೂ ಇತರರ ಕೊಡಗಳ ಸಾಲಿನಲ್ಲೇ ಇಡುವವನಿಗೆ ಸ್ವರ್ಗದಲ್ಲಿ ಉತ್ತಮ ಪ್ರತಿಫಲವಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಹಝ್ರತ್ ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಈ ಘಟನೆಯನ್ನು ನಾವು ಮಕ್ಕಳಿಗೂ ಹೇಳುತ್ತೇವೆ.

ಅದೇ ಪ್ರವಾದಿವರ್ಯರು(ಸ) ಕಲಿಸಿದ ಇನ್ನಷ್ಟು ವಿಷಯಗಳಿವೆ. ಜನರು ನೀರಿಗೆ ಬರುವ ಜಾಗದಲ್ಲಿ, ನಡೆಯುವ ದಾರಿಯಲ್ಲಿ ಮತ್ತು ಕೂರುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪ ತರುವ ಕೆಲಸ ಎಂದರು. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ನಿಷೇಧಿಸಿದರು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಿ, ನೀರಿನ ಚೀಲಗಳ ಬಾಯಿ ಕಟ್ಟಿಡಿ ಎಂದರು. ನಿದ್ದೆಯಿಂದ ಎದ್ದವರು ಕೈ ತೊಳೆಯದೆ ಪಾತ್ರೆಗೆ ಅದ್ದಬಾರದೆಂದರು. ರೋಗಾಣು ಎಂಬ ಮಾತೇ ಇಲ್ಲದ ಕಾಲದಲ್ಲಿ ಬಂದ ಈ ಆದೇಶಗಳೆಲ್ಲವೂ ಎರಡನೆಯ ಹೊಣೆಗೆ ಸೇರಿದವು.

ವಿಜಯಪುರದ ಗಂಜ್‌ಗಳು

ನಮ್ಮ ನಾಡಿನಲ್ಲಿ ಈ ಎರಡೂ ಹೊಣೆಗಳನ್ನು ಒಟ್ಟಿಗೆ ಹೊತ್ತ ಊರೆಂದರೆ ವಿಜಯಪುರ. ಮಳೆ ಕಡಿಮೆ, ನೆಲ ಬಂಡೆ. ಅಂಥಲ್ಲಿ ರಾಜಧಾನಿ ಕಟ್ಟಿದ ಆದಿಲ್ ಶಾಹಿಗಳಿಗೆ ನೀರೇ ದೊಡ್ಡ ಚಿಂತೆಯಾಗಿತ್ತು. ಒಂದನೇ ಅಲಿ ಆದಿಲ್ ಶಾಹ್ ಪಶ್ಚಿಮದ ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತರಿಸಿದರು. ಅವರ ಕಾಲದಲ್ಲೇ, 1579ರಲ್ಲಿ, ಚಾಂದ್ ಬಾವಡಿ ಕಟ್ಟಲಾಯಿತು. ಎರಡನೇ ಇಬ್ರಾಹೀಮ್ ಆದಿಲ್ ಶಾಹ್ ಕಾಲದಲ್ಲಿ, 1620ರಲ್ಲಿ, ತಾಜ್ ಬಾವಡಿ ಎದ್ದಿತು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿದರು.

ಬೇಗಂ ತಾಲಾಬ್‌ನ ನೀರು ಊರಿಗೆ ಬರುತ್ತಿದ್ದ ಬಗೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆಗಚ್ಚು ಹಾಕಿ, 15ರಿಂದ 50 ಅಡಿ ಆಳದಲ್ಲಿ ಹುಗಿದಿದ್ದರು. ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳಿದ್ದವು. ಇವಕ್ಕೆ ಗಂಜ್ ಎನ್ನುತ್ತಾರೆ. ನೀರು ಗೋಪುರದೊಳಗೆ ಮೇಲೇರಿದಾಗ ಒತ್ತಡ ತಗ್ಗಿ ಕೊಳವೆ ಒಡೆಯುತ್ತಿರಲಿಲ್ಲ. ಜೊತೆಗೆ ನೀರಿನಲ್ಲಿದ್ದ ಕೆಸರು ತಳದಲ್ಲಿ ಉಳಿದು ತಿಳಿನೀರು ಮುಂದೆ ಹೋಗುತ್ತಿತ್ತು. ಕೆರೆ ಬಿಟ್ಟ ನೀರು ಹೀಗೆ ಮುಚ್ಚಿದ ದಾರಿಯಲ್ಲೇ ಊರು ತಲುಪುತ್ತಿತ್ತು. ದಾರಿಯ ಚರಂಡಿಗೂ ದನಕರುಗಳಿಗೂ ಅದರ ಸಂಪರ್ಕವಿರಲಿಲ್ಲ. ನೀರು ಕೊಡುವ ಕೆಲಸದಲ್ಲೇ ನೀರು ಕಾಯುವ ಕೆಲಸವೂ ಸೇರಿತ್ತು.

ಬೀದರ್‌ನ ಕರೇಝ್

ಇದಕ್ಕೂ ಮೊದಲು, 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಬೀದರ್‌ನಲ್ಲಿ ಇಂಥದೇ ಜಾಣ್ಮೆಯ ಕೆಲಸ ನಡೆದಿತ್ತು. ಅಲ್ಲಿನ ಗಟ್ಟಿ ನೆಲದಲ್ಲಿ ಎಲ್ಲೆಂದರಲ್ಲಿ ಬಾವಿ ತೋಡುವುದು ಕಷ್ಟ. ಇರಾನಿನ ಕಡೆಯಿಂದ ಬಂದ ಕರೇಝ್ ವಿದ್ಯೆ ನೆರವಿಗೆ ಬಂತು. ನೆಲದೊಳಗಿನ ಒರತೆಯನ್ನು ಹುಡುಕಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದರೆ ನೀರು ತಾನಾಗಿ ಹರಿದುಬರುತ್ತದೆ. ಎತ್ತು ಬೇಡ, ರಾಟೆ ಬೇಡ. ನೌಬಾದ್‌ನ ಕರೇಝ್ 3 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಗಾಳಿ ಬೆಳಕಿಗಾಗಿ, ಇಳಿದು ಹೂಳು ತೆಗೆಯುವುದಕ್ಕಾಗಿ, ಮೇಲಿನಿಂದ ಸುರಂಗಕ್ಕೆ ಬಾವಿಯಂಥ ಕಂಡಿಗಳನ್ನು ಇಟ್ಟಿದ್ದಾರೆ. ಅಂಥ 21 ಕಂಡಿಗಳನ್ನು ಗುರುತಿಸಲಾಗಿದೆ.

ಆದರೆ ಕಾಲ ಕಳೆದಂತೆ ಆ ಕಂಡಿಗಳಿಗೆ ಕಸ ಬಿತ್ತು, ಮಣ್ಣು ತುಂಬಿತು, ಕೆಲವೆಡೆ ಮೇಲೆ ಕಟ್ಟಡಗಳೆದ್ದವು. ತಮ್ಮ ಕಾಲಡಿಯಲ್ಲಿ ನೀರು ಹರಿಯುತ್ತಿದೆ ಎಂಬುದೇ ಜನರಿಗೆ ಮರೆತುಹೋಯಿತು. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಅವರಂಥ ಸಂಶೋಧಕರು ಕಂಡಿಯಿಂದ ಕಂಡಿಗೆ ನಡೆದು ನಕ್ಷೆ ಮಾಡಿದ ಮೇಲೆ ಅದು ಮತ್ತೆ ಬೆಳಕಿಗೆ ಬಂತು. ವಿಜಯಪುರದಲ್ಲೂ 1686ರಲ್ಲಿ ಆದಿಲ್ ಶಾಹಿ ಆಳ್ವಿಕೆ ಮುಗಿದ ಮೇಲೆ ನೀರಿನ ಕೊಳವೆಗಳನ್ನು ಕೇಳುವವರಿಲ್ಲದಾಯಿತು. ತಾಜ್ ಬಾವಡಿಯಂಥ ಬಾವಡಿಯೂ ಕಸ ಹೂಳಿನಿಂದ ತುಂಬಿ, ಶುಚಿಗೊಳಿಸಲು ನಮ್ಮ ಕಾಲದವರೆಗೆ ಕಾಯಬೇಕಾಯಿತು. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿತ್ತು. ಕಾಯುವವರ ಜಾಗ ಖಾಲಿಯಾಗಿತ್ತು.

ಲಂಡನ್ನಿನ ಒಂದು ಬಾವಿ

ಕಾಯುವವರಿಲ್ಲದ ನೀರು ಏನು ಮಾಡಬಲ್ಲದು ಎಂಬುದನ್ನು ಜಗತ್ತಿಗೆ ಸಾಕ್ಷಿ ಸಮೇತ ತೋರಿಸಿದ ಘಟನೆ 1854ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಆಗಸ್ಟ್ ಕೊನೆಯಲ್ಲಿ ಕಾಲರಾ ಕಾಣಿಸಿಕೊಂಡು, ಹತ್ತೇ ದಿನಗಳಲ್ಲಿ 500ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ಆಗಿನ ವಿದ್ವಾಂಸರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಒಪ್ಪಲಿಲ್ಲ. ಸತ್ತವರ ಮನೆಗಳಿಗೆ ಹೋಗಿ ವಿಚಾರಿಸಿದರು. ಹೆಚ್ಚಿನವರು ಕುಡಿದದ್ದು ಆ ಬೀದಿಯ ಕೈಪಂಪಿನ ನೀರು. ಅಲ್ಲೇ ಹತ್ತಿರದಲ್ಲಿ 535 ಬಡವರಿದ್ದ ಒಂದು ಆಶ್ರಯಮನೆಯಲ್ಲಿ ಸತ್ತವರು ಕೇವಲ 5 ಮಂದಿ. ಆ ಮನೆಗೆ ಬೇರೆ ಬಾವಿಯಿತ್ತು. ಸ್ನೋ ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆಯಲಾಯಿತು.

ಈ ಕಥೆಯ ಮುಂದಿನ ಭಾಗ ನಮ್ಮಂಥ ಇಮಾಮರು ವಿಶೇಷವಾಗಿ ತಿಳಿಯಬೇಕಾದದ್ದು. ಆ ಮೊಹಲ್ಲಾದ ಚರ್ಚಿನಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿ ಇದ್ದರು. ಅವರಿಗೂ ಸ್ನೋ ಅವರ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದು ತಪ್ಪೆಂದು ತೋರಿಸಬಹುದೆಂದು ಅವರೇ ಮನೆಮನೆ ತಿರುಗಿ ಲೆಕ್ಕ ಹಾಕತೊಡಗಿದರು. ಜನರು ಅವರಿಗೆ ಪರಿಚಿತರು, ಬಾಗಿಲು ತೆರೆದು ಎಲ್ಲವನ್ನೂ ಹೇಳಿದರು. ವಿಚಾರಿಸಿದಷ್ಟೂ ಸಾಕ್ಷ್ಯ ಪಂಪಿನ ಕಡೆಗೇ ಬೆರಳು ತೋರಿತು. ಪಂಪಿನ ಎದುರಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಂದು ಹಸುಗೂಸಿಗೆ ಭೇದಿಯಾಗಿತ್ತು. ತಾಯಿ ಮಗುವಿನ ಬಟ್ಟೆ ತೊಳೆದ ನೀರನ್ನು ಮನೆ ಮುಂದಿನ ಶೌಚದ ಗುಂಡಿಗೆ ಚೆಲ್ಲಿದ್ದಳು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಸಡಿಲವಾಗಿ, ಹೊಲಸು ಬಾವಿಯ ಕಡೆಗೆ ಜಿನುಗುತ್ತಿತ್ತು. ಗುಂಡಿಗೂ ಬಾವಿಗೂ ನಡುವಿನ ಅಂತರ ಸುಮಾರು ಮೂರು ಅಡಿ. ವೈಟ್‌ಹೆಡ್ ತಮ್ಮ ಅಭಿಪ್ರಾಯ ಬಿಟ್ಟು ಸತ್ಯವನ್ನು ಒಪ್ಪಿಕೊಂಡರು.

ಮೂವತ್ತು ವರ್ಷಗಳ ನಂತರ, 1884ರಲ್ಲಿ, ರಾಬರ್ಟ್ ಕೋಚ್ ಎಂಬ ಜರ್ಮನ್ ವಿಜ್ಞಾನಿ ನಮ್ಮ ಕಲ್ಕತ್ತೆಯ ಒಂದು ಕೊಳದ ನೀರಿನಲ್ಲೇ ಕಾಲರಾದ ರೋಗಾಣುವನ್ನು ತೋರಿಸಿಕೊಟ್ಟರು. ಈ ರೋಗ ಹಾಜಿಗಳನ್ನೂ ಬಿಟ್ಟಿರಲಿಲ್ಲ. 1865ರ ಹಜ್ ಸಮಯದಲ್ಲಿ ಸಾವಿರಾರು ಯಾತ್ರಿಕರು ಕಾಲರಾದಿಂದ ತೀರಿಕೊಂಡರು. ಮರುವರ್ಷ ಇಸ್ತಾಂಬುಲ್‌ನಲ್ಲಿ ಹಲವು ದೇಶಗಳ ಆರೋಗ್ಯ ಸಮ್ಮೇಳನ ಸೇರಿತು. 1882ರಿಂದ ಭಾರತದ ಹಾಜಿಗಳ ಹಡಗುಗಳು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಮುಗಿಸಿ ಮುಂದೆ ಹೋಗಬೇಕಾಯಿತು.

ಫಕೀಹರು ಕೇಳಿದ ಪ್ರಶ್ನೆ

ಬಾವಿಗೂ ಶೌಚದ ಗುಂಡಿಗೂ ಎಷ್ಟು ಅಂತರವಿರಬೇಕು? ಈ ಪ್ರಶ್ನೆಯನ್ನು ಹನಫೀ ಫಕೀಹರು ಲಂಡನ್ನಿನ ಘಟನೆಗೆ ಶತಮಾನಗಳ ಮೊದಲೇ ಎತ್ತಿದ್ದರು. ಒಂದು ಅಭಿಪ್ರಾಯದಲ್ಲಿ 5 ಮೊಳ, ಇನ್ನೊಂದರಲ್ಲಿ 7 ಮೊಳ. ಆದರೆ ಮೊಳದ ಲೆಕ್ಕ ಮುಖ್ಯವಲ್ಲ, ನಜೀಸ್ ಬಾವಿಗೆ ತಲುಪಬಾರದು ಎಂಬುದೇ ಮುಖ್ಯ, ಮಣ್ಣು ಸಡಿಲವೋ ಗಟ್ಟಿಯೋ ನೋಡಬೇಕು ಎಂದೂ ಅವರು ವಿವರಿಸಿದರು. ತಲುಪಿದೆಯೋ ಇಲ್ಲವೋ ಎಂದು ತಿಳಿಯಲು ಅವರ ಕೈಯಲ್ಲಿದ್ದ ಸಾಧನ ಬಣ್ಣ, ವಾಸನೆ ಮತ್ತು ರುಚಿ.

ನೀರು ಪಾಕ್ ಎನ್ನಲು ಇಂದಿಗೂ ಆ ನಿಯಮ ಸಾಕು. ಕುಡಿಯುವ ಜೀವ ಉಳಿಸಲು ಸಾಲದು. ಬ್ರಾಡ್ ಸ್ಟ್ರೀಟಿನ ನೀರಿನ ರುಚಿಗೆ ಮನಸೋತು, ಬೇರೆ ಬಡಾವಣೆಗೆ ಹೋದ ಮೇಲೂ ಅದನ್ನೇ ತರಿಸಿ ಕುಡಿದ ಒಬ್ಬ ವಿಧವೆ ಅದರಿಂದಲೇ ಸತ್ತಳು. ಹೊಲಸು ತಲುಪಬಾರದೆಂಬ ಫಕೀಹರ ಉದ್ದೇಶವನ್ನು ಈಡೇರಿಸಲು ಅಲ್ಲಾಹನು ನಮ್ಮ ಕಾಲಕ್ಕೆ ಇನ್ನಷ್ಟು ಜ್ಞಾನ ಕೊಟ್ಟಿದ್ದಾನೆ. ನಿರಾಶ್ರಿತರ ಶಿಬಿರಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾನದಂಡ ಗುಂಡಿಗೂ ಅಂತರ್ಜಲದ ಮೂಲಕ್ಕೂ ಕನಿಷ್ಠ 30 ಮೀಟರ್ ಕೇಳುತ್ತದೆ. ಬಿರುಕು ಬಂಡೆಯ ನೆಲದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ನಮ್ಮ ಜಮಾಅತ್‌ಗಳ ಮುಂದೆ

ಈಗ ನಮ್ಮ ಮೊಹಲ್ಲಾಗಳನ್ನು ನೋಡೋಣ. ಇಕ್ಕಟ್ಟಾದ ಮನೆಗಳು, ಮನೆಗೊಂದು ಶೌಚದ ಗುಂಡಿ, ಪಕ್ಕದಲ್ಲೇ ಬೋರ್‌ವೆಲ್, ಚರಂಡಿಯೊಳಗಿಂದ ಹಾದುಬರುವ ನಲ್ಲಿಯ ಪೈಪು. ಮಕ್ಕಳಿಗೆ ಮಳೆಗಾಲದಲ್ಲಿ ವಾಂತಿಭೇದಿ, ಕಾಮಾಲೆ, ಟೈಫಾಯ್ಡ್ ಬಂದಾಗ ನಾವು ದುಆ ಮಾಡುತ್ತೇವೆ. ದುಆ ಮಾಡಲೇಬೇಕು. ಜೊತೆಗೆ ನೀರು ಎಲ್ಲಿಂದ ಬಂತೆಂದು ಕೇಳಬೇಕು.

ಬೋರ್‌ವೆಲ್ ಕೊರೆಸುವ ಮೊದಲು ಸುತ್ತಲಿನ ಗುಂಡಿಗಳು ಎಲ್ಲಿವೆ ಎಂದು ಜಮಾಅತ್ ಕಮಿಟಿ ನೋಡಲಿ. ಕುಡಿಯುವ ನೀರನ್ನು ವರ್ಷಕ್ಕೆ ಎರಡು ಬಾರಿಯಾದರೂ, ಅದರಲ್ಲೂ ಮಳೆಗಾಲದ ನಂತರ, ಪರೀಕ್ಷೆ ಮಾಡಿಸಲಿ. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಬಳಸಲು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯಿದೆ. ನಮ್ಮ ಸಹೋದರಿಯರು ಅದರಲ್ಲಿ ಮುಂದೆ ಬರಲಿ. ಮಸೀದಿಯ ಹೌಝ್ ಮತ್ತು ಮೇಲಿನ ಟ್ಯಾಂಕ್ ತೊಳೆದ ತಾರೀಖನ್ನು ಗೋಡೆಯ ಮೇಲೆ ಬರೆದಿಡಲಿ. ಗುಂಡಿ ತುಂಬಿದಾಗ ಯಂತ್ರ ತರಿಸಲಿ. ಮನುಷ್ಯರನ್ನು ಅದರೊಳಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ನಮ್ಮ ಶುಚಿತ್ವಕ್ಕಾಗಿ ಇನ್ನೊಬ್ಬರ ಪ್ರಾಣ ಹೋಗುವುದನ್ನು ದೀನ್ ಕೂಡ ಒಪ್ಪುವುದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ವಕ್ಫ್‌ನ ಆದಾಯವನ್ನು ಮೊದಲು ಅದರ ದುರಸ್ತಿಗೆ ಖರ್ಚು ಮಾಡಬೇಕು, ದಾನಿ ಹಾಗೆ ಷರತ್ತು ಹಾಕದಿದ್ದರೂ ಸರಿ ಎಂಬುದು ಫಿಕ್ಹ್‌ನ ನಿಯಮ. ಕೆಟ್ಟುಹೋದ ವಕ್ಫ್‌ನಿಂದ ಸವಾಬ್ ಹರಿಯುವುದಿಲ್ಲವೆಂದು ಹಿರಿಯರಿಗೆ ಗೊತ್ತಿತ್ತು. ಹಾಗಾಗಿ ಹೊಸ ಬೋರ್‌ವೆಲ್‌ಗೆ ಕೊಡಲು ಬಂದವರಿಗೆ ಹಳೆಯ ಬೋರ್‌ವೆಲ್ಲಿನ ಪೈಪು ಬದಲಿಸುವುದೂ, ಬಾವಿಕಟ್ಟೆಗೆ ಸಿಮೆಂಟ್ ಹಾಕಿಸುವುದೂ, ಬಡವರ ಮನೆಯ ಶೌಚದ ಗುಂಡಿಯನ್ನು ಸರಿಯಾದ ಜಾಗದಲ್ಲಿ ಕಟ್ಟಿಸಿಕೊಡುವುದೂ ಸದಕಾ ಜಾರಿಯಾ ಎಂದು ನಾವು ತಿಳಿಸಬೇಕು. ಅದರ ಮೇಲೆ ಹೆಸರಿನ ಫಲಕ ಇರುವುದಿಲ್ಲ. ಆದರೆ ಆ ನೀರು ಕುಡಿದು ಕಾಯಿಲೆ ಬೀಳದೆ ಬೆಳೆದ ಪ್ರತಿ ಮಗುವಿನ ಲೆಕ್ಕ ಅಲ್ಲಾಹನ ಬಳಿ ಇರುತ್ತದೆ.

ನೀರು ಕೊಡುವವರಲ್ಲೂ ಕಾಯುವವರಲ್ಲೂ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.