ಚಿಪ್‌ನ ಮಿತಿ, ಮಾರುಕಟ್ಟೆಯ ಮಿತಿ: ತಿದ್ದಿದ ಡ್ರೈವರ್‌ಗಳಿಂದ ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯ ಹೆಚ್ಚಿಸುವ ಪ್ರಯತ್ನಗಳ ಪರಿಶೀಲನೆ

ಲಿನಕ್ಸ್ ಕರ್ನಲ್‌ನ ರೇಡಿಯಾನ್ ಡ್ರೈವರನ್ನು (ರೇಡಿಯಾನ್ ಗ್ರಾಫಿಕ್ಸ್ ಕಾರ್ಡುಗಳನ್ನು ನಡೆಸುವ ತಂತ್ರಾಂಶವನ್ನು) ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಆರ್300 ಚಿಪ್ ಅನ್ನು ಸಜ್ಜುಗೊಳಿಸುವ ಭಾಗದಲ್ಲಿ ಒಂದು ಚಿಕ್ಕ ಷರತ್ತು ಇದೆ. ಕಾರ್ಡಿನ ಗುರುತು ಸಂಖ್ಯೆ 4144 ಅಲ್ಲದಿದ್ದರೆ ಪಿಕ್ಸೆಲ್ ಪೈಪ್ ಗುಂಪುಗಳು ಎರಡು, 4144 ಆಗಿದ್ದರೆ ಒಂದೇ. ಒಂದು ಗುಂಪಿಗೆ ನಾಲ್ಕು ಪೈಪ್‌ಲೈನ್. 4144 ಎಂಬುದು 2002ರಲ್ಲಿ ಎಟಿಐ ಕಂಪನಿ ಮಾರುಕಟ್ಟೆಗೆ ತಂದ ರೇಡಿಯಾನ್ 9500ರ ಗುರುತು. ಅದೇ ಚಿಪ್, ಅದೇ 275 ಮೆಗಾಹರ್ಟ್ಸ್ ವೇಗವಿದ್ದ ರೇಡಿಯಾನ್ 9700ರಲ್ಲಿ ಎಂಟು ಪೈಪ್‌ಲೈನ್‌ಗಳೂ ಕೆಲಸ ಮಾಡುತ್ತಿದ್ದವು. ಎರಡು ಬೆಲೆಯ ಎರಡು ಸರಕುಗಳ ನಡುವಿನ ವ್ಯತ್ಯಾಸ ಡ್ರೈವರ್‌ನ ಕಣ್ಣಿಗೆ ಒಂದು ಸಂಖ್ಯೆಯಷ್ಟೇ ಆಗಿತ್ತು.

ಆ ಸಂಖ್ಯೆಯ ಹಿಂದೆ ಏನಿತ್ತು ಎಂಬುದು ಈ ಲೇಖನದ ಪ್ರಶ್ನೆ. ಡ್ರೈವರ್ ತಿದ್ದಿದರೆ ಚಿಪ್‌ನಲ್ಲಿ ಏನಿದೆ ಎಂಬುದು ಗೊತ್ತಾಗುತ್ತದೆ, ಇರುವುದು ಗಟ್ಟಿಯೋ ಅಲ್ಲವೋ ಎಂಬುದು ಓಡಿಸಿ ನೋಡುವವರೆಗೆ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಅದು ತಯಾರಕರಿಗೆ ಮಾತ್ರ ಗೊತ್ತು. ಇಪ್ಪತ್ತು ವರ್ಷಗಳಲ್ಲಿ ಬಳಕೆದಾರನಿಂದ ದೂರ ಸರಿದದ್ದು ವೇಗಕ್ಕಿಂತ ಹೆಚ್ಚಾಗಿ ಈ ತಿಳಿವಳಿಕೆಯೇ ಎಂಬುದು ನನ್ನ ವಾದ.

ಸಿಲಿಕಾನ್ ಬಿಲ್ಲೆಯಿಂದ ಹೊರಬಂದ ಚಿಪ್‌ಗಳೆಲ್ಲ ಒಂದೇ ಗುಣಮಟ್ಟದವಲ್ಲ. ಪರೀಕ್ಷೆಯಲ್ಲಿ ಒಂದು ಭಾಗ ಕೆಟ್ಟಿದ್ದರೆ ಆ ಭಾಗವನ್ನು ಮುಚ್ಚಿ ಉಳಿದುದನ್ನು ಅಗ್ಗದ ಹೆಸರಿನಲ್ಲಿ ಮಾರುತ್ತಾರೆ. ಇದರಲ್ಲಿ ತಪ್ಪಿಲ್ಲ, ಎಸೆಯಬೇಕಾದದ್ದು ಬಳಕೆಗೆ ಬರುತ್ತದೆ. ಆದರೆ ಅಗ್ಗದ ಕಾರ್ಡಿಗೆ ಬೇಡಿಕೆ ಏರಿದಾಗ ಪೂರ್ತಿ ಚೆನ್ನಾಗಿರುವ ಚಿಪ್‌ಗಳ ಅರ್ಧವನ್ನೂ ಮುಚ್ಚಿ ಅದೇ ಹೆಸರಿನಲ್ಲಿ ಕಳಿಸುತ್ತಾರೆ. ಮೊದಲನೆಯದು ವಸ್ತುವಿನ ಮಿತಿ, ಎರಡನೆಯದು ಮಾರುಕಟ್ಟೆಯ ಮಿತಿ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಚೀಟಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬು ಅರ್ಧ ಇಳಿಸಿರುವುದು ಮುಂದೆ ಏರಿ ಬಿರುಕು ಬಿಟ್ಟಿದೆ ಎಂದೋ, ನೀರನ್ನು ಬೇರೆಯವರಿಗೆ ಹಂಚಿದ್ದಾರೆ ಎಂದೋ ತೂಬನ್ನು ನೋಡಿ ಹೇಳಲಾಗದು.

ರೇಡಿಯಾನ್ 9500ರ ತೂಬನ್ನು ಜನ ಮೊದಲು ಚಿಪ್‌ನ ಮೇಲಿನ ಸಣ್ಣ ರೆಸಿಸ್ಟರ್ ಒಂದರ ಜಾಗ ಬದಲಿಸಿ ಎತ್ತಿದರು. ಆಮೇಲೆ ಬೆಸುಗೆಯ ಕೆಲಸವೂ ಬೇಡವಾಯಿತು. ಅಲೆಕ್ಸಿ ನಿಕೊಲೈಚುಕ್ ಬರೆದ ರಿವಾಟ್ಯೂನರ್ ತಂತ್ರಾಂಶವೇ ವಿಂಡೋಸ್ ಡ್ರೈವರ್‌ನ ಕಡತವನ್ನು ತಿದ್ದಿ ಎಂಟೂ ಪೈಪ್‌ಲೈನ್‌ಗಳನ್ನು ತೆರೆಯುತ್ತಿತ್ತು. ಕೆಲವರಿಗೆ ನಿಜಕ್ಕೂ 9700 ಸಿಕ್ಕಿತು. ಇನ್ನು ಕೆಲವರ ಪರದೆಯ ಮೇಲೆ ಚದುರಂಗದ ಹಾಸು ಮೂಡಿತು. ಇದರ ಕಾರಣ ಚಿಪ್‌ನ ರಚನೆಯಲ್ಲಿದೆ. ಆರ್300 ಪರದೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ ಎರಡು ಪೈಪ್ ಗುಂಪುಗಳಿಗೆ ಒಂದು ಬಿಟ್ಟು ಒಂದರಂತೆ ಹಂಚುತ್ತದೆ. ಒಂದು ಗುಂಪು ಕೆಟ್ಟಿದ್ದರೆ ಅದರ ಪಾಲಿನ ಚೌಕಗಳೆಲ್ಲ ಕೆಡುತ್ತವೆ, ನಡುನಡುವೆ ಚೆನ್ನಾದ ಚೌಕಗಳು ಉಳಿಯುತ್ತವೆ. ಕಾರ್ಖಾನೆಯ ಪರೀಕ್ಷಾ ವರದಿಯಲ್ಲಿ ಮುಚ್ಚಿಹೋಗಿದ್ದ ಮಾಹಿತಿ ಹೀಗೆ ಪರದೆಯ ಮೇಲೆ ಓದಲು ಸಿಕ್ಕಿತು. ಈ ಇತಿಹಾಸದಲ್ಲಿ ನನಗೆ ಬಹಳ ಮಹತ್ವದ್ದಾಗಿ ಕಾಣುವ ಪುರಾವೆ ಇದೇ.

ಎನ್ವಿಡಿಯಾ ಕಂಪನಿಯ 2004ರ ಜೀಫೋರ್ಸ್ 6800 ಎಲ್ಇಯಲ್ಲಿ ಹದಿನಾರರಲ್ಲಿ ಎಂಟು ಪೈಪ್‌ಲೈನ್ ಮಾತ್ರ ತೆರೆದಿದ್ದವು, ಅಲ್ಲಿಯೂ ರಿವಾಟ್ಯೂನರ್ ನಡೆಯಿತು. 2010ರ ಡಿಸೆಂಬರ್‌ನಲ್ಲಿ ಬಂದ ರೇಡಿಯಾನ್ ಎಚ್‌ಡಿ 6950ರ 1408 ಶೇಡರ್‌ಗಳನ್ನು ಬಯಾಸ್ (ಕಾರ್ಡಿನೊಳಗಿನ ಆರಂಭಿಕ ತಂತ್ರಾಂಶ) ಬದಲಿಸಿ 1536ಕ್ಕೆ ಏರಿಸಿದರು. ಕ್ರಮೇಣ ಮುಚ್ಚುವ ಕೆಲಸ ಚಿಪ್‌ನೊಳಗೇ, ಮತ್ತೆ ತೆರೆಯಲಾಗದಂತೆ ನಡೆಯತೊಡಗಿತು.

ಮಾರುಕಟ್ಟೆಯ ಮಿತಿ ನಿಜಕ್ಕೂ ಇದೆಯೇ ಎಂದು ಅನುಮಾನಿಸುವವರಿಗೆ ತಯಾರಕರದೇ ಎರಡು ಉದಾಹರಣೆಗಳಿವೆ. 2017ರಲ್ಲಿ ಎನ್ವಿಡಿಯಾ ಟೈಟಾನ್ ಎಕ್ಸ್‌ಪಿ ಕಾರ್ಡಿಗೆ ಹೊಸ ಡ್ರೈವರ್ ಕೊಟ್ಟಿತು. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ವೇಗ ಮೂರು ಪಟ್ಟಿನವರೆಗೂ ಏರುತ್ತದೆ ಎಂದು ಕಂಪನಿಯೇ ಹೇಳಿಕೊಂಡಿತು. ಚಿಪ್ ಬದಲಾಗಿರಲಿಲ್ಲ, ಎಟಿಐಯನ್ನು ಕೊಂಡಿದ್ದ ಎಎಂಡಿಯ ಪ್ರತಿಸ್ಪರ್ಧಿ ಕಾರ್ಡು ಬಂದಿತ್ತು ಅಷ್ಟೆ. 2021ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3060ರಲ್ಲಿ ಈಥರ್ ನಾಣ್ಯದ ಗಣಿಗಾರಿಕೆಯ ವೇಗವನ್ನು ಬೇಕೆಂದೇ ಅರ್ಧಕ್ಕೆ ಇಳಿಸಲಾಗಿತ್ತು. ಡ್ರೈವರ್, ಬಯಾಸ್, ಚಿಪ್ ಮೂರೂ ಪರಸ್ಪರ ದೃಢೀಕರಿಸಿಕೊಳ್ಳುತ್ತವೆ, ಮುರಿಯಲಾಗದು ಎಂಬ ಭರವಸೆಯೂ ಇತ್ತು. ಮರುತಿಂಗಳು ಡೆವಲಪರ್‌ಗಳಿಗೆಂದು ಕೊಟ್ಟ 470.05 ಬೀಟಾ ಡ್ರೈವರ್‌ನಲ್ಲಿ ಆ ತಡೆ ಕಣ್ತಪ್ಪಿನಿಂದ ಕೆಲವು ಜೋಡಣೆಗಳಲ್ಲಿ ಸಡಿಲಗೊಂಡಿತ್ತು.

ಈಗಿನ ಬೀಗ ಡಿಜಿಟಲ್ ಸಹಿ. 64 ಬಿಟ್ ವಿಂಡೋಸ್ ವಿಸ್ಟಾದಿಂದೀಚೆಗೆ ಸಹಿಯಿಲ್ಲದ ಕರ್ನಲ್ ಡ್ರೈವರ್ ಸುಲಭಕ್ಕೆ ಲೋಡ್ ಆಗುವುದಿಲ್ಲ. ಇದಕ್ಕೆ ನ್ಯಾಯವಾದ ಕಾರಣವೂ ಇದೆ. ರಿವಾಟ್ಯೂನರ್ ಪರಂಪರೆಯ ಎಂಎಸ್‌ಐ ಆಫ್ಟರ್‌ಬರ್ನರ್‌ನ ಡ್ರೈವರ್‌ನಲ್ಲಿದ್ದ ದೋಷವನ್ನು ಬಳಸಿ ಬ್ಲ್ಯಾಕ್‌ಬೈಟ್ ಎಂಬ ಸುಲಿಗೆ ತಂಡ 2022ರಲ್ಲಿ ಭದ್ರತಾ ತಂತ್ರಾಂಶಗಳನ್ನು ನಿಷ್ಕ್ರಿಯಗೊಳಿಸಿತ್ತು. ಅಪರಿಚಿತರು ತಿದ್ದಿದ ಡ್ರೈವರ್ ಹಾಕಿಕೊಳ್ಳುವುದು ಮನೆಯ ಕೀಲಿಕೈ ಒಪ್ಪಿಸಿದ ಹಾಗೆಯೇ. ಆದರೆ ಸಹಿ ಪ್ರಾಮಾಣಿಕರನ್ನೂ ತಡೆಯುತ್ತದೆ. 2014ರ ಜೀಫೋರ್ಸ್ 900 ಸರಣಿಯಿಂದ ಎನ್ವಿಡಿಯಾ ತನ್ನ ಸಹಿಯುಳ್ಳ ಫರ್ಮ್‌ವೇರನ್ನು ಕಡ್ಡಾಯ ಮಾಡಿದ ಮೇಲೆ, ಸ್ವಯಂಸೇವಕರು ಕಟ್ಟಿದ ನೂವೊ ಡ್ರೈವರ್‌ಗೆ ಆ ಕಾರ್ಡುಗಳ ವೇಗವನ್ನು ಏರಿಸಲು ಆಗಲಿಲ್ಲ. ಕಂಪ್ಯೂಟರ್ ಆನ್ ಆದಾಗಿನ ಮಂದ ವೇಗದಲ್ಲೇ ಅವು ಉಳಿದವು.

ನಮ್ಮ ಕಾನೂನು ಇಲ್ಲಿ ಉದಾರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಾನೂನುಬದ್ಧವಾಗಿ ಪಡೆದ ತಂತ್ರಾಂಶದ ಕಾರ್ಯವನ್ನು ಗಮನಿಸಲು, ಅಧ್ಯಯನ ಮಾಡಲು, ಪರೀಕ್ಷಿಸಲು ಮತ್ತು ಬೇರೆ ತಂತ್ರಾಂಶದೊಂದಿಗೆ ಹೊಂದಿಸಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗ ಮುರಿಯುವುದನ್ನು ಶಿಕ್ಷಿಸುತ್ತದೆಯಾದರೂ ಹಕ್ಕು ಉಲ್ಲಂಘಿಸುವ ಉದ್ದೇಶವನ್ನು ಕೇಳುತ್ತದೆ. ಸ್ವಂತ ಕಾರ್ಡಿನ ಅಧ್ಯಯನಕ್ಕೆ ಇಷ್ಟು ಸಾಕು ಎಂಬುದು ನನ್ನ ಓದು. ಕಂಪನಿಯ ಡ್ರೈವರನ್ನು ತಿದ್ದಿ ಊರಿಗೆಲ್ಲ ಹಂಚುವುದು ಬೇರೆ ಮಾತು.

ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಹಳ್ಳಿಗೆ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿಗಳಿಗೆ ಇದೆಲ್ಲ ಏಕೆ ಬೇಕು? ಹೊಸ ಕಾರ್ಡಿನ ಬೆಲೆ ಕೈಗೆಟುಕದವರ ಪಾಲಿಗೆ ಸಿಗುವುದು ಒಬ್ಬರು ಬಳಸಿ ಬಿಟ್ಟ ಹಳೆಯ ಕಾರ್ಡು. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಯಾದಂತೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುವುದರಿಂದ ಇಲ್ಲಿ ವೇಗ ಏರಿಸುವ ತಿದ್ದುಪಡಿಯಿಂದ ಫಲವಿಲ್ಲ, ವೋಲ್ಟೇಜ್ ಇಳಿಸುವುದರಿಂದ ಇದೆ. ಚಿಪ್ ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜನ್ನು ಶೇ. 10 ತಗ್ಗಿಸಿ ವೇಗವನ್ನು ಹಾಗೇ ಇಟ್ಟರೆ ಆ ಖರ್ಚು ಸುಮಾರು ಶೇ. 19 ಇಳಿಯುತ್ತದೆ, ತಂಪಾದ ಕಾರ್ಡು ತನ್ನ ವೇಗವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಎಎಂಡಿಯ ಲಿನಕ್ಸ್ ಡ್ರೈವರ್ ಅನೇಕ ಕಾರ್ಡುಗಳಲ್ಲಿ ಇದಕ್ಕೆ ದಾರಿ ತೆರೆದಿಟ್ಟಿದೆ.

ಇನ್ನೊಂದು ಲಾಭ ಆಯುಷ್ಯದ್ದು. ರೇಡಿಯಾನ್ ಎಚ್‌ಡಿ 7000 ಸರಣಿಯಿಂದ ಫ್ಯೂರಿವರೆಗಿನ ಕಾರ್ಡುಗಳಿಗೆ ಎಎಂಡಿ 2021ರ ಜೂನ್‌ನಲ್ಲಿ ವಿಂಡೋಸ್ ಡ್ರೈವರ್‌ನ ನಿಯಮಿತ ಬೆಂಬಲ ನಿಲ್ಲಿಸಿತು. ಲಿನಕ್ಸ್‌ನ ಮೆಸಾ ಯೋಜನೆಯಲ್ಲಿ ಅವೇ ಕಾರ್ಡುಗಳ ಡ್ರೈವರ್ ಬೆಳೆಯುತ್ತಲೇ ಇತ್ತು. ವಾಲ್ವ್ ಕಂಪನಿ 2019ರಲ್ಲಿ ಪ್ರಕಟಿಸಿದ ಎಸಿಒ ಕಂಪೈಲರ್ ಹಳೆಯ ಚಿಪ್‌ಗೂ ಹೊಸ ವೇಗ ತಂದಿತು. ಎಎಂಡಿ 2007ರಲ್ಲಿ ಚಿಪ್‌ಗಳ ವಿವರಗಳನ್ನು ಬಹಿರಂಗಪಡಿಸಲು ಒಪ್ಪಿದ್ದು ಈ ಬೆಳೆಗೆ ಬಿತ್ತಿದ ಬೀಜ. ತಿದ್ದಿದ ಡ್ರೈವರ್ ಪರಂಪರೆಯ ನಿಜವಾದ ವಾರಸುದಾರರು ಈ ಮುಕ್ತ ಡ್ರೈವರ್ ಬೆಳೆಸಿದವರೇ ಎಂದು ನಾನು ತಿಳಿಯುತ್ತೇನೆ.

ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆದಿದೆ. 2019ರಲ್ಲಿ ಸ್ಥಾಪನೆಯಾದ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ರಾಯಚೂರಿನಲ್ಲಿದೆ. ಏಪ್ರಿಲ್-ಮೇ ತಿಂಗಳಲ್ಲಿ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಹಳೆಯ ಕಾರ್ಡುಗಳನ್ನು ಓಡಿಸಿ, ಚಿಪ್‌ನ ಉಷ್ಣತೆ, ಉಳಿದ ವೇಗ, ಸಹಿಸಿದ ಕನಿಷ್ಠ ವೋಲ್ಟೇಜ್, ಪರದೆಯ ಮೇಲಿನ ದೋಷ ಇವನ್ನು ಕನ್ನಡದಲ್ಲಿ ದಾಖಲಿಸುವ ಕೆಲಸವನ್ನು ಅಲ್ಲಿಯ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮಾಡಬಲ್ಲರು. ದಾಖಲೆ ಕಾರ್ಡಿನ ಮಾದರಿ ಹೆಸರಿನಿಂದಲ್ಲ, ಚಿಪ್‌ನ ಗುರುತು ಸಂಖ್ಯೆಯಿಂದ ಆರಂಭವಾಗಬೇಕು.