ಮರುಭೂಮಿಯ ಭಾಷೆಗೆ ಬಂದ ಅತಿಥಿ ಪದಗಳು

ಇತ್ತೀಚೆಗೆ ಜುಮುಅ ಮುಗಿದ ಮೇಲೆ ಒಬ್ಬ ಯುವಕ ಬಳಿ ಬಂದು ಕೇಳಿದ: "ಉಸ್ತಾದ್, ಕನ್ನಡದಲ್ಲಿ ದುಆ ಮಾಡಿದರೆ ಸ್ವೀಕಾರವಾಗುತ್ತದೆಯೇ? ದೀನಿಗೆ ಯೋಗ್ಯವಾದ ಭಾಷೆ ಅರಬಿ ಒಂದೇ ಅಲ್ಲವೇ?" ಆಗ ನನಗೆ ನೆನಪಾದವರು ಸಹಾರಾ ಮರುಭೂಮಿಯ ದಜಾ ಜನರು.

ಚಾಡ್ ದೇಶದ ಉತ್ತರ ಭಾಗದಲ್ಲೂ ನೈಜರ್ ದೇಶದ ಪೂರ್ವದಲ್ಲೂ ಒಂಟೆ, ಆಡು ಸಾಕಿಕೊಂಡು ಬಾಳುವ ಮುಸ್ಲಿಮರು ಇವರು. ಜನರ ಹೆಸರು ದಜಾ. ಅದಕ್ಕೆ 'ಗಾ' ಸೇರಿದರೆ ಭಾಷೆಯ ಹೆಸರು, ದಜಾಗಾ. ತಿಬೆಸ್ತಿ ಬೆಟ್ಟಗಳ ತೇದಾ ಜನರ ತೇದಾಗಾ ಇದರ ಒಡಹುಟ್ಟು. ಚಾಡ್ ಸರೋವರದ ಸುತ್ತಲಿನ ಕನೂರಿಯೂ ಇದೇ ಕುಟುಂಬದ್ದು. ಅರಬಿಗೂ ಈ ಕುಟುಂಬಕ್ಕೂ ಹುಟ್ಟಿನ ಸಂಬಂಧವಿಲ್ಲ. ಆದರೂ ಇಲ್ಲಿ ಅರಬಿ ಪದಗಳು ಧಾರಾಳವಾಗಿವೆ. ಅವು ಬಂದದ್ದು ಹೇಗೆ?

ಮೊದಲ ದಾರಿ ವ್ಯಾಪಾರದ್ದು. ಟ್ರಿಪೋಲಿಯಿಂದ ಫೆಝಾನ್ ಮೂಲಕ ಚಾಡ್ ಸರೋವರದವರೆಗೆ ಒಂಟೆಗಳ ಸಾಲು ನಡೆಯುತ್ತಿತ್ತು. ಸರೋವರದ ಬಳಿಯ ಕಾನೆಂ ರಾಜ್ಯದ ಅರಸ ಹುಮೆ 11ನೇ ಶತಮಾನದ ಕೊನೆಯ ಭಾಗದಲ್ಲಿ ಇಸ್ಲಾಮಿನ ಅನುಯಾಯಿಯಾಗಿದ್ದನು. 13ನೇ ಶತಮಾನದಲ್ಲಿ ಕಾನೆಮಿನ ವಿದ್ಯಾರ್ಥಿಗಳಿಗಾಗಿ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ಮಾಲಿಕಿ ಮದ್ರಸವೇ ಇತ್ತು. ಎರಡನೆಯ ದಾರಿ ಸನೂಸಿ ತರೀಖತಿನದು. ಅದರ ನಾಯಕ ಮುಹಮ್ಮದ್ ಅಲ್ ಮಹ್ದಿ 1895ರಲ್ಲಿ ಲಿಬಿಯಾದ ಕುಫ್ರಾಕ್ಕೆ, 1899ರಲ್ಲಿ ಇನ್ನೂ ದಕ್ಷಿಣಕ್ಕೆ, ಈಗಿನ ಚಾಡ್‌ನ ಗೂರೋಗೆ ಬಂದು ನೆಲೆಸಿದರು. 1902ರಲ್ಲಿ ಅಲ್ಲಿಯೇ ನಿಧನರಾದರು. ಅವರ ಝಾವಿಯಾಗಳು ಆರಾಧನೆಯ ಜೊತೆ ಓದನ್ನೂ ಕಲಿಸಿದವು.

ಹೀಗೆ ಬಂದ ಪದಗಳು ಬಾಯಿಂದ ಬಾಯಿಗೆ ರೂಪ ಬದಲಿಸಿದವು. ಅರಬಿಯಲ್ಲಿ ಬುಧವಾರ 'ಅಲ್ ಅರ್ಬಿಆ', ಗುರುವಾರ 'ಅಲ್ ಖಮೀಸ್'. ಸೋದರ ಭಾಷೆ ಕನೂರಿಯಲ್ಲಿ ಅವು 'ಲಾರಾವಾ', 'ಲಾಮಿಸು'. 'ಅಲ್' ಎಂಬುದು ಬೇರೆ ಎಂದು ತಿಳಿಯದೆ ಅದರ 'ಲ' ಪದಕ್ಕೇ ಅಂಟಿಕೊಂಡಿದೆ.

ದಜಾಗಾದ ಇನ್ನೊಂದು ಗುಣ ಗಮನಿಸಿ. ಅದರ ಹಳೆಯ ಕ್ರಿಯಾಪದಗಳ ಗುಂಪಿಗೆ ಹೊಸ ಪದ ಸೇರುವುದಿಲ್ಲ. ಹೊರಗಿನ ಪದ ಬಂದರೆ, ಮೂಲತಃ 'ಹೇಳು' ಎಂಬ ಅರ್ಥದ ಸ್ವಂತ ಕ್ರಿಯಾಪದವೊಂದನ್ನು ಅದಕ್ಕೆ ಜೋಡಿಸುತ್ತಾರೆ. ನಾವು ಅರಬಿಯ 'ರದ್ದ್' ಅನ್ನು 'ರದ್ದು ಮಾಡು' ಎಂದು ಕನ್ನಡವಾಗಿಸಿಕೊಂಡಂತೆಯೇ ಇದು. ಅತಿಥಿ ಬಂದ, ಮನೆಯ ಯಜಮಾನಿಕೆ ಮಾತ್ರ ಬದಲಾಗಲಿಲ್ಲ.

20ನೇ ಶತಮಾನದಲ್ಲಿ ಫ್ರೆಂಚರ ಆಳ್ವಿಕೆ ಬಂತು. 1960ರಲ್ಲಿ ಚಾಡ್ ಸ್ವತಂತ್ರವಾಯಿತು. ಇಂದು ಅಲ್ಲಿನ ಅಧಿಕೃತ ಭಾಷೆಗಳು ಫ್ರೆಂಚ್ ಮತ್ತು ಅರಬಿ. ಸಂತೆಯಲ್ಲಿ ಚಾಡ್‌ನ ಆಡುಮಾತಿನ ಅರಬಿ, ಕಚೇರಿಯಲ್ಲಿ ಫ್ರೆಂಚ್. ದಜಾಗಾ ಉಳಿದಿರುವುದು ತಾಯಂದಿರ ಬಾಯಲ್ಲಿ, ಒಂಟೆಯ ಜೊತೆ ನಡೆಯುವವರ ಮಾತಿನಲ್ಲಿ. ಪದ ಎರವಲು ಪಡೆದರೆ ಭಾಷೆ ಸಾಯುವುದಿಲ್ಲ. ಮಕ್ಕಳಿಗೆ ಕಲಿಸುವುದನ್ನು ಬಿಟ್ಟರೆ ಸಾಯುತ್ತದೆ.

ನಮ್ಮ ಮಾತಿನಲ್ಲೂ ಇಂಥ ದಾರಿಗಳ ಗುರುತಿದೆ. 'ನಮಾಝ್', 'ರೋಝಾ' ಅರಬಿಯಲ್ಲ, ಪಾರ್ಸಿ. ಬ್ಯಾರಿ ಮನೆಗಳಲ್ಲಿ ಉಪವಾಸಕ್ಕೆ 'ನೋಂಬು' ಎನ್ನುತ್ತಾರೆ, ಅದು ದ್ರಾವಿಡ ಪದ. ಇದರಿಂದ ಯಾರ ಉಪವಾಸವೂ ಕಡಿಮೆಯಾಗಲಿಲ್ಲ. ಅರಬಿಯೂ ಎರವಲು ಪಡೆದ ಭಾಷೆಯೇ. ಕುರ್‌ಆನಿನಲ್ಲಿ ಬರುವ ಹೊರಭಾಷೆಯ ಮೂಲದ ಪದಗಳ ಬಗ್ಗೆ ಇಮಾಮ್ ಸುಯೂತಿ ಒಂದು ಗ್ರಂಥವನ್ನೇ ಬರೆದಿದ್ದಾರೆ. ದಪ್ಪ ರೇಷ್ಮೆಗೆ ಬಳಕೆಯಾದ 'ಇಸ್ತಬ್ರಕ್' ಪಾರ್ಸಿಯಿಂದ ಬಂದದ್ದು.

ಜನರ ಭಾಷೆಗಳು ಬೇರೆ ಬೇರೆ ಇರುವುದನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಸೂರಃ ಅರ್ರೂಮ್ ತಿಳಿಸುತ್ತದೆ. ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: ನಮಾಝಿನಲ್ಲಿ ಕುರ್‌ಆನನ್ನು ಅರಬಿಯಲ್ಲೇ ಓದು, ಅದನ್ನು ಚೆನ್ನಾಗಿ ಕಲಿ. ನಮಾಝ್ ಮುಗಿಸಿ ಕೈ ಎತ್ತಿದಾಗ ನಿನ್ನ ತಾಯಿ ಕಲಿಸಿದ ಮಾತಿನಲ್ಲಿ ಬೇಡು. ನಿನ್ನ ಮಕ್ಕಳಿಗೂ ಆ ಮಾತನ್ನು ಉಳಿಸಿಕೊಡು.