ಗದ್ದೆಯ ಒಕ್ಕಲು, ತೋಟದ ಲೈನು: 1978ರ ಚಿಕ್ಕಮಗಳೂರು ಉಪಚುನಾವಣೆಯ ಮರುಪರಿಶೀಲನೆ

1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತು ಅಧಿಕಾರ ಕಳೆದುಕೊಂಡ ಇಂದಿರಾ ಗಾಂಧಿಯವರ ರಾಜಕೀಯ ವನವಾಸ ಮುಗಿಯತೊಡಗಿದ್ದು ಚಿಕ್ಕಮಗಳೂರಿನಲ್ಲಿ. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟದ್ದು, 1978ರ ನವೆಂಬರಿನಲ್ಲಿ ವೀರೇಂದ್ರ ಪಾಟೀಲರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತದ್ದು, ಡಿಸೆಂಬರ್ 19ರಂದು ಲೋಕಸಭೆ ಇಂದಿರಾರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿದ್ದು, 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿಯಾದದ್ದು ಎಲ್ಲವೂ ಸುಪರಿಚಿತ. ದೇವರಾಜ ಅರಸರು ಕಟ್ಟಿದ ಹಿಂದುಳಿದವರ ಒಕ್ಕೂಟವನ್ನು ಜೇಮ್ಸ್ ಮ್ಯಾನರ್ ಮೊದಲಾದವರು ವಿವರವಾಗಿ ಚರ್ಚಿಸಿದ್ದಾರೆ.

ನನ್ನ ತಕರಾರು ಒಂದೇ. ಅರಸರ ಭೂಸುಧಾರಣೆಯೇ ಈ ಗೆಲುವಿನ ಬೇರು ಎಂಬ ರೂಢಿಯ ವಿವರಣೆ ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ಬಂದಾಗ ತಡವರಿಸುತ್ತದೆ.

ಭೂಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ಮುರಿಯಿತು. ಕಣಿವೆಯ ಗದ್ದೆ ಮಾಡುತ್ತಿದ್ದ ಒಕ್ಕಲು ಡಿಕ್ಲರೇಶನ್ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು ಭೂಮಿಯ ಒಡೆಯನಾದ. ಅವನ ಮತಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಆದರೆ ಅದೇ ಕಾಯ್ದೆಯ 104ನೆಯ ಕಲಂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಹಂಚಲು ಹೆಚ್ಚುವರಿ ತೋಟವೇ ಇರಲಿಲ್ಲ. ಲೈನ್ ಮನೆಯ ಆಳು ಗೇಣಿದಾರನೂ ಅಲ್ಲ, ದಿನಗೂಲಿಯವನು. ನ್ಯಾಯಮಂಡಳಿಗೆ ಕೊಡಲು ಅವನ ಬಳಿ ಅರ್ಜಿಯೇ ಇಲ್ಲ. ಇಷ್ಟನ್ನು ಕಾನೂನಿನ ಪಠ್ಯವೇ ಹೇಳುತ್ತದೆ. ಹಣ್ಣು ಕುಯ್ಯುವ ಹೆಂಗಸಿನ ಮತವನ್ನು ಗದ್ದೆಯ ಒಕ್ಕಲಿನ ಮತದ ಲೆಕ್ಕಕ್ಕೇ ಸೇರಿಸಿದ್ದು ಅವಳಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ.

ಹಾಗಾದರೆ ಲೈನಿಗೆ ತಲುಪಿದ್ದೇನು? ಬಹುಶಃ ಭೂಮಿಗಿಂತ ಸಾಲದ ಪ್ರಶ್ನೆ ಎಂಬುದು ನನ್ನ ಊಹೆ. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮ, 1976ರ ಜೀತ ವಿಮುಕ್ತಿ ಕಾಯ್ದೆ, ಅದೇ ವರ್ಷದ ಕರ್ನಾಟಕ ಋಣ ಪರಿಹಾರ ಕಾಯ್ದೆ ಇವು ದುಡಿಮೆಯನ್ನು ಸಾಲಕ್ಕೆ ಕಟ್ಟಿಹಾಕುವ ಪದ್ಧತಿಯನ್ನೇ ಪ್ರಶ್ನಿಸಿದವು. ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟ ಹತ್ತಿದವರಿಗೆ ಆ ಪ್ರಶ್ನೆ ಹೊಸದಲ್ಲ. ಮುಂಗಡವು ಈ ಕಾಯ್ದೆಗಳ ವ್ಯಾಪ್ತಿಗೆ ನೇರವಾಗಿ ಬರುತ್ತಿತ್ತೆಂದು ನಾನು ವಾದಿಸುತ್ತಿಲ್ಲ. ಎಲ್ಲ ತೋಟಗಳಲ್ಲೂ ಸ್ಥಿತಿ ಒಂದೇ ಆಗಿತ್ತೆಂದೂ ಅಲ್ಲ. ಸಾಲ ಮನ್ನಾ ಆಗಬಲ್ಲದು ಎಂಬ ಸುದ್ದಿಯೇ, ಕಾಯ್ದೆಯ ಜಾರಿಗಿಂತ ಮೊದಲು, ಮತವಾಗಿರಬಹುದು ಎಂಬಷ್ಟಕ್ಕೆ ನನ್ನ ಮಾತು ಸೀಮಿತ.

ಇದಕ್ಕೊಂದು ಪರೋಕ್ಷ ಸಾಕ್ಷ್ಯವಿದೆ. 1979ರಲ್ಲಿ ಅರಸರು ಇಂದಿರಾರಿಂದ ಬೇರೆಯಾದರು. ಮತ ಭೂಸುಧಾರಕನಿಗೇ ಸಂದಿದ್ದರೆ ಅದು ಅವರ ಹಿಂದೆ ಹೋಗಬೇಕಿತ್ತು. 1980ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಿತು. ಮೇದಕ್ ಮತ್ತು ರಾಯ್‌ಬರೇಲಿಯಿಂದ ನಿಂತಿದ್ದ ಇಂದಿರಾ ಇಲ್ಲಿ ಅಭ್ಯರ್ಥಿಯೇ ಅಲ್ಲದಿದ್ದರೂ ಚಿಕ್ಕಮಗಳೂರು ಡಿ.ಎಂ. ಪುಟ್ಟೇಗೌಡರ ಮೂಲಕ ಅವರ ಪಕ್ಷಕ್ಕೇ ಉಳಿಯಿತು. ಅದು ದೇಶವ್ಯಾಪಿ ಅಲೆಯ ಚುನಾವಣೆ. ಅರಸರ ಕಾಯ್ದೆಯನ್ನೂ ಜನ ಇಂದಿರಾರದ್ದೆಂದೇ ಭಾವಿಸಿದ್ದಿರಬಹುದು. ಆದ್ದರಿಂದ ಈ ಸಾಕ್ಷ್ಯ ರೂಢಿಯ ವಿವರಣೆಯನ್ನು ಸಡಿಲಿಸುತ್ತದೆ, ನನ್ನದನ್ನು ಸಾಧಿಸುವುದಿಲ್ಲ.

ಲೈನಿನ ಮತವನ್ನು ಗದ್ದೆಯ ಮತದಿಂದ ಬೇರ್ಪಡಿಸಲು ಕ್ಷೇತ್ರದ ಒಟ್ಟು ಫಲಿತಾಂಶ ಸಾಲದು. ತೋಟಗಳ ಚೆಕ್‌ರೋಲು ಮತ್ತು ಮುಂಗಡದ ಪುಸ್ತಕಗಳನ್ನು ನ್ಯಾಯಮಂಡಳಿಯ ಕಡತಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಆಗಬೇಕಿದೆ. ಆ ತಲೆಮಾರಿನ ಕೂಲಿ ಹೆಂಗಸರಲ್ಲಿ ಬದುಕಿರುವವರ ಮಾತನ್ನು ಅದಕ್ಕಿಂತ ಮೊದಲು ದಾಖಲಿಸಬೇಕು.